ವನಜಾಕ್ಷಿಯ ಅರ್ಧ ದಿಗ್ವಿಜಯ

ಗುಬ್ಬಿಯಿಂದ ಸಮುದ್ರ ದಾಟಿ ಇಂಗ್ಲಿಷ್ ಭಾಷೆಯ ಮೇಲೆ ದಂಡೆತ್ತಿ ಹೋದ ವೀರರ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಅವರಿಗೆ ಹೆಚ್ಚು ಶ್ರಮವಾಗುವುದಿಲ್ಲ. ಒಬ್ಬಳೇ ಇದ್ದಾಳೆ. ಅವಳ ಹೆಸರು ವನಜಾಕ್ಷಿ. ಆಕೆಗೆ ಆನೆ ಕುದುರೆಗಳಿರಲಿಲ್ಲ. ಒಂದು ಸೂಟ್‌ಕೇಸು, ಎರಡು ಸೇರು ಹುರಿಹಿಟ್ಟು, ರಟ್ಟು ಕಿತ್ತುಹೋದ ಒಂದು ನಿಘಂಟು, ಇಷ್ಟೇ ಚತುರಂಗ ಬಲ. ಹೋದದ್ದು ೧೯೯೮ರ ಜುಲೈನಲ್ಲಿ. ಹತ್ತು ತಿಂಗಳ ಯುದ್ಧ ಎಂದು ಹೊರಟವಳು ಐದು ತಿಂಗಳಿಗೆ ವಾಪಸಾದಳು. ಸೋತು ಬಂದದ್ದಲ್ಲ. ಗೆಲ್ಲುತ್ತಿದ್ದಾಗ ಅರಮನೆಯಿಂದಲೇ ಕರೆ ಹೋಯಿತು.

ಯುದ್ಧಕ್ಕೆ ಕಾರಣ ಬೇಕಲ್ಲ. ಅದು ಹಿಂದಿನ ವರ್ಷ ತುಮಕೂರಿನಲ್ಲಿ ನಡೆದ ಅಂತರಕಾಲೇಜು ಚರ್ಚಾಸ್ಪರ್ಧೆ. ಎರಡನೇ ಬಿ.ಎ. ಓದುತ್ತಿದ್ದ ವನಜಾಕ್ಷಿ ವಿಜ್ಞಾನ ವರವೋ ಶಾಪವೋ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಪುಟ ಉರು ಹೊಡೆದು ಹೋಗಿದ್ದಳು. ವೇದಿಕೆ ಹತ್ತಿ 'ರೆಸ್ಪೆಕ್ಟೆಡ್ ಜಡ್ಜಸ್' ಎಂದಳು. ಆಮೇಲೆ ವಿಜ್ಞಾನವೂ ಬರಲಿಲ್ಲ, ಶಾಪವೂ ಬರಲಿಲ್ಲ. ಕೊಟ್ಟ ಸಮಯದಲ್ಲಿ ಉಳಿದದ್ದನ್ನೆಲ್ಲ ಮೈಕಿನ ಮುಂದೆ ನಿಂತೇ ಕಳೆದಳು. ಇಳಿದು ಹೋಗಲು ಒಂದು ವಾಕ್ಯವಾದರೂ ಹೇಳಬೇಕಲ್ಲ, ಅದೂ ಹೊಳೆಯಲಿಲ್ಲ. ಗಂಟೆ ಬಾರಿಸಿದ ಮೇಲೆ ಇಳಿದಳು. ಸಂಜೆ ರೈಲು ಗುಬ್ಬಿ ಸ್ಟೇಷನ್ ಮುಟ್ಟುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಇಳಿದು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿತ್ತು. ಮುಂದಿನ ಒಂದು ವರ್ಷ ಅವಳು ರೈಲು ಹತ್ತಿದಾಗಲೆಲ್ಲ ಹುಡುಗರು ಎದ್ದುನಿಂತು, "ರೆಸ್ಪೆಕ್ಟೆಡ್ ಬಂದ್ರು, ಸೀಟು ಬುಡ್ರೋ" ಅನ್ನುತ್ತಿದ್ದರು. ಸೀಟು ಮಾತ್ರ ಬಿಡುತ್ತಿರಲಿಲ್ಲ.

ಇಂಗ್ಲಿಷ್ ಅವಳಿಗೆ ಬಾರದೆ ಏನಿರಲಿಲ್ಲ. ಪರೀಕ್ಷೆಯಲ್ಲಿ ಎಪ್ಪತ್ತೊಂದು ತೆಗೆದಿದ್ದಳು. ಆದರೆ ಅವಳ ಇಂಗ್ಲಿಷ್ ಕಣ್ಣಿನಲ್ಲಿ ಹತ್ತಿ ಕೈಬೆರಳಿನಲ್ಲಿ ಇಳಿಯುತ್ತಿತ್ತು. ಮಧ್ಯೆ ಬಾಯಿಗೆ ಸ್ಟಾಪ್ ಇರಲಿಲ್ಲ. ಅವಳ ಲೆಕ್ಚರರ್ ಪ್ರೇಮಲತಾ ಮೇಡಂಗೆ ಇದು ಗೊತ್ತಿತ್ತು. ಮೇಡಂ ಸಂಬಂಧಿಕರೊಬ್ಬರು ತುಮಕೂರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ತೆಗೆಯುವವರಿದ್ದರು. ೧೯೯೯ರ ಬೇಸಿಗೆಯಲ್ಲಿ ಟೀಚರುಗಳ ಸಂದರ್ಶನ. ಹೆಸರು ನಾನು ಹೇಳುತ್ತೇನೆ, ಆದರೆ ಅಲ್ಲಿ ಬಾಯಿ ಬಿಡಬೇಕಾದವಳು ನೀನು ಎಂದು ಮೇಡಂ ಹೇಳಿದರು. ವನಜಾಕ್ಷಿಗೆ ಪ್ರಪಂಚದಲ್ಲಿ ಬೇರೆ ಆಸೆಯೇ ಇರಲಿಲ್ಲ. ಒಂದು ಕ್ಲಾಸಿನ ಮುಂದೆ ನಿಂತು, ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳದೆ, ಒಂದು ಗಂಟೆ ಇಂಗ್ಲಿಷ್ ಮಾತಾಡಬೇಕು. ಅಷ್ಟೇ.

ಅವಳ ಬಿ.ಎ. ಮುಗಿಯುವ ಹೊತ್ತಿಗೆ ತುಮಕೂರಿನ ಒಂದು ಸೇವಾ ಕ್ಲಬ್ಬಿನವರು ವಿದ್ಯಾರ್ಥಿ ವಿನಿಮಯ ಎಂಬ ಹೊಸ ಸಾಹಸಕ್ಕೆ ಕೈಹಾಕಿದ್ದರು. ಇಲ್ಲಿಂದ ಒಬ್ಬ ಹುಡುಗಿ ಆಸ್ಟ್ರೇಲಿಯಾದ ಒಂದು ಸಣ್ಣ ಊರಿಗೆ, ಅಲ್ಲಿಂದ ಒಬ್ಬ ಹುಡುಗಿ ಇಲ್ಲಿಗೆ. ಇವಳು ಅವಳ ಮನೆಯಲ್ಲಿ, ಅವಳು ಇವಳ ಮನೆಯಲ್ಲಿ. ಆಯ್ಕೆ ಸಮಿತಿಯಲ್ಲಿ ಒಬ್ಬ ಕೊಬ್ಬರಿ ಮಂಡಿ ಸಾಹುಕಾರರು, ಒಬ್ಬ ದಂತವೈದ್ಯರು, ಒಬ್ಬ ವಕೀಲರು ಇದ್ದರು. ಮೂವರೂ ತಲಾ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ದಣಿದು, ಕನ್ನಡಕ್ಕೆ ಇಳಿದರು. ಕನ್ನಡದಲ್ಲಿ ವನಜಾಕ್ಷಿಯನ್ನು ಸೋಲಿಸುವವರಿರಲಿಲ್ಲ. ಆದರೂ ಅವಳು ಗೆದ್ದದ್ದು ಮಾತಿನಿಂದಲ್ಲ. ವಿದೇಶಿ ಹುಡುಗಿಯನ್ನು ಇಟ್ಟುಕೊಳ್ಳುವ ಮನೆಯಲ್ಲಿ ಕಮೋಡ್ ಇರಬೇಕೆಂದು ನಿಯಮವಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವಳ ತಂದೆ ಸದಾಶಿವಯ್ಯ, ತಾಯಿಯ ಮಂಡಿನೋವಿಗೆಂದು ಆ ವರ್ಷವಷ್ಟೇ ಒಂದನ್ನು ಹಾಕಿಸಿದ್ದರು. ಉಳಿದ ಹತ್ತು ಅಭ್ಯರ್ಥಿಗಳ ಮನೆಯಲ್ಲಿ ಅದು ಇರಲಿಲ್ಲ. ಹೀಗೆ ಇಂಗ್ಲಿಷ್ ಸಾಮ್ರಾಜ್ಯದ ಹೆಬ್ಬಾಗಿಲು ಮಹಾಲಕ್ಷ್ಮಮ್ಮನವರ ಮಂಡಿಯಿಂದ ತೆರೆಯಿತು.

ಈ ಮಹಾಲಕ್ಷ್ಮಮ್ಮನೇ ಅಜ್ಜಿ. ಮನೆಯ ಸುಪ್ರೀಂ ಕೋರ್ಟು. ಕ್ಲಬ್ಬಿನ ಕಾರ್ಯದರ್ಶಿ ಕೃಷ್ಣಕುಮಾರ್ ನಿಯಮಗಳನ್ನು ವಿವರಿಸಲು ಬಂದಾಗ ಆಕೆ ಎರಡೇ ಮಾತು ಕೇಳಿದರು. ನಮ್ಮ ಹುಡುಗಿ ಅವರ ಮನೆಗೆ ಹೋಗುತ್ತದೆಯೇ? ಹೌದು. ಅವರ ಹುಡುಗಿ ನಮ್ಮ ಮನೆಗೆ ಬರುತ್ತದೆಯೇ? ಹೌದು. "ಸರಿ ಬುಡು. ಕೊಟ್ಟು ತರೋದು" ಎಂದರು. ಆಮೇಲೆ ಕೃಷ್ಣಕುಮಾರ್ ಐದು ತಿಂಗಳಾದ ಮೇಲೆ ಮನೆ ಬದಲಾಯಿಸಬೇಕು, ಅಲ್ಲೂ ಇಲ್ಲೂ ಎರಡೆರಡು ಮನೆ, ಹೆಚ್ಚು ಜನರ ಒಡನಾಟ ಆಗಲಿ ಅಂತ ಎಂದು ಹೇಳಿದ್ದು ನಿಜ. ಆದರೆ ಅಷ್ಟರಲ್ಲಿ ಕಾಫಿ ಬಂದಿತ್ತು.

ಕೊಟ್ಟು ತರುವುದೆಂದರೆ ಏನೆಂದು ಆಕೆಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಆಕೆ ಹುಲಿಯೂರುದುರ್ಗದ ಮಗಳು, ಹಾಗಲವಾಡಿಯ ಸೊಸೆ. ಆಕೆಯನ್ನು ಹಾಗಲವಾಡಿಗೆ ಕೊಟ್ಟಾಗ, ಗಂಡನ ತಂಗಿಯನ್ನು ಆಕೆಯ ಅಣ್ಣನಿಗೆ ತಂದಿದ್ದರು. ಒಂದೇ ಚಪ್ಪರ, ಎರಡು ಮದುವೆ. ಎರಡನೇ ವರ್ಷ ಅಣ್ಣ ಯಾವುದೋ ಎಮ್ಮೆ ಕಟ್ಟು ಬಿಚ್ಚಿಕೊಂಡು ಹೋದದ್ದಕ್ಕೆ ಹೆಂಡತಿಯನ್ನು ಬೈದು ತೌರಿಗೆ ಅಟ್ಟಿದ. ವಾರ ತುಂಬುವುದರೊಳಗೆ ಮಹಾಲಕ್ಷ್ಮಮ್ಮನ ತಂದೆ ಗಾಡಿ ಕಟ್ಟಿಕೊಂಡು ಹಾಗಲವಾಡಿಗೆ ಬಂದು ಮಗಳನ್ನು ಹತ್ತಿಸಿಕೊಂಡು ಹೋದರು. ಅವರ ಹುಡುಗಿ ನಮ್ಮಲ್ಲಿ ಇಲ್ಲ ಅಂದಮೇಲೆ ನಮ್ಮ ಹುಡುಗಿ ಅವರಲ್ಲಿ ಇರಬಾರದು. ಮೂರು ವರ್ಷ ಆಕೆ ಹುಲಿಯೂರುದುರ್ಗದ ಬೆಟ್ಟ ನೋಡುತ್ತಾ ಕೂತಿದ್ದರು. ಗಂಡನ ಮೇಲೆ ಆಕೆಗೆ ಒಂದು ದೂರೂ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಇಷ್ಟು ಹಿನ್ನೆಲೆಯೊಂದಿಗೆ ವನಜಾಕ್ಷಿ ವಿಮಾನ ಹತ್ತಿದಳು. ಅತ್ತ ಕಡೆಯಿಂದ ನಟಾಲಿ ಎಂಬ ಹದಿನೆಂಟರ ಹುಡುಗಿ ಬಂದು ಗುಬ್ಬಿಯಲ್ಲಿ ಇಳಿದಳು. ಮಹಾಲಕ್ಷ್ಮಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡರು. ಅವಳ ಅಪ್ಪ ಅಮ್ಮನ ಸುದ್ದಿ ಬಂದಾಗಲೆಲ್ಲ 'ನಮ್ಮ ಬೀಗರು' ಎಂದೇ ಹೇಳುತ್ತಿದ್ದರು.

ವನಜಾಕ್ಷಿ ಸೇರಿದ್ದು ನಟಾಲಿಯ ತಾಯಿ ಗ್ಲೆಂಡಾಳ ಮನೆಗೆ. ಸುತ್ತ ಗೋಧಿ ಹೊಲ, ನಡುವೆ ಊರು, ಊರಿನ ತುಂಬ ನೊಣ. ಅಲ್ಲಿಯ ಜನ ನೊಣ ಒಳಗೆ ಹೋಗದಂತೆ ತುಟಿ ಬಿಚ್ಚದೆ ಮಾತಾಡುತ್ತಾರೆ ಎಂದು ಅವಳಿಗೆ ಮೊದಲ ವಾರವೇ ತಿಳಿಯಿತು. ಗೈಡು ಓದಿ ಕಲಿತ ಇಂಗ್ಲಿಷ್ ಅಲ್ಲಿ ಒಂದು ಕೊಪ್ಪರಿಗೆ ನೀರಿಗೆ ಹಾಕಿದ ಒಂದು ಹರಳು ಉಪ್ಪಾಯಿತು. ಅವರು ಏನು ಕೇಳಿದರೂ ಇವಳು ಯೆಸ್ ಎನ್ನುತ್ತಿದ್ದಳು. ಹೀಗೆ ಯೆಸ್ ಎಂದ ತಪ್ಪಿಗೆ ಎರಡು ಸಲ ಚರ್ಚಿನ ಗಾಯನ ತಂಡಕ್ಕೂ ಒಂದು ಸಲ ಕುರಿ ಉಣ್ಣೆ ಕತ್ತರಿಸುವ ಸ್ಪರ್ಧೆಗೂ ಹೆಸರು ಕೊಟ್ಟು ಬಂದಿದ್ದಳು.

ಈ ದಿಗ್ವಿಜಯದಲ್ಲಿ ಮೊದಲು ಶರಣಾದ ಸಾಮಂತ ಒಂದು ನಾಯಿ. ಸಿಟ್ ಎಂದರೆ ಕೂತಿತು. ತನ್ನ ಬಾಯಿಂದ ಹೊರಟ ಇಂಗ್ಲಿಷನ್ನು ಒಂದು ಜೀವ ಮರುಮಾತಿಲ್ಲದೆ ಒಪ್ಪಿಕೊಂಡದ್ದು ಅದೇ ಮೊದಲು. ವನಜಾಕ್ಷಿ ದಿನಾ ಕಾಲೇಜಿನಿಂದ ಬಂದು ನಾಯಿಯ ಮುಂದೆ ಕೂತು ಅಂದಿನ ಸಮಾಚಾರವನ್ನೆಲ್ಲ ಹೇಳುತ್ತಿದ್ದಳು. ನಾಯಿ ತಪ್ಪು ಹುಡುಕುತ್ತಿರಲಿಲ್ಲ, ಗಂಟೆ ಬಾರಿಸುತ್ತಿರಲಿಲ್ಲ. ಮೂರನೇ ತಿಂಗಳಿಗೆ ಬೇಕರಿಯವಳು ಶರಣಾದಳು, ಆಮೇಲೆ ಪೋಸ್ಟಾಫೀಸು. ನಾಲ್ಕನೇ ತಿಂಗಳಿಗೆ ರೇಡಿಯೊ ವಾರ್ತೆ ಪೂರ್ತಿ ತಿಳಿಯಿತು. ಕಿವಿ ಗೆದ್ದಿತ್ತು. ಬಾಯಿ ಇನ್ನೂ ಹೊಸ್ತಿಲಲ್ಲಿ ನಿಂತಿತ್ತು.

ಮಹಾಯುದ್ಧ ನಡೆದದ್ದು ಐದನೇ ತಿಂಗಳಲ್ಲಿ, ಅಡುಗೆಮನೆಯಲ್ಲಿ. ಗ್ಲೆಂಡಾ ತಟ್ಟೆಗಳನ್ನು ಸೋಪಿನ ನೊರೆಯಲ್ಲಿ ಅದ್ದಿ, ಜಾಲಿಸದೆ, ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಆ ಕಡೆಯ ಪದ್ಧತಿಯೇ ಹಾಗೆ. ಮಳೆ ನೀರು ತೊಟ್ಟಿಯಲ್ಲಿ ಹಿಡಿದು ವರ್ಷವೆಲ್ಲ ನಡೆಸುವ ಊರು. ಗುಬ್ಬಿಯ ಹುಡುಗಿಗೆ ಮಾತ್ರ ಪ್ರತಿ ತುತ್ತಿನಲ್ಲೂ ಸೋಪು ತಿಂದಂತಾಗುತ್ತಿತ್ತು. ಅವಳು ಯಾರೂ ಇಲ್ಲದಾಗ ಎಲ್ಲವನ್ನೂ ಮತ್ತೊಮ್ಮೆ ನಲ್ಲಿ ಬಿಟ್ಟು ತೊಳೆದಿಡುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು. ಗ್ಲೆಂಡಾ ನೀರಿನ ವಿಷಯ ಎತ್ತಿದಳು. ಇವಳು ಸೋಪಿನ ವಿಷಯ ಎತ್ತಿದಳು. ಹತ್ತು ನಿಮಿಷ ಇಬ್ಬರೂ ಸಮಸಮ ಕಾದಾಡಿದರು. ಯಾರೂ ಗೆಲ್ಲಲಿಲ್ಲ. ತನ್ನ ಕೋಣೆಗೆ ಬಂದು ಕೂತ ಮೇಲೆ ವನಜಾಕ್ಷಿಗೆ ಹೊಳೆಯಿತು: ಆ ಹತ್ತು ನಿಮಿಷದಲ್ಲಿ ತಾನು ಒಂದು ಪದವನ್ನೂ ಕನ್ನಡದಲ್ಲಿ ಯೋಚಿಸಿರಲಿಲ್ಲ. ಅವಳು ಓಡಿಹೋಗಿ ಗ್ಲೆಂಡಾಳನ್ನು ತಬ್ಬಿಕೊಂಡಳು. ಪಾಪ, ಆ ಹೆಂಗಸು ನೀರಿನ ವಿಷಯ ಇತ್ಯರ್ಥವಾಯಿತೆಂದು ತಿಳಿದಳು.

ಆ ಸಂತೋಷದಲ್ಲೇ ಮನೆಗೆ ಪತ್ರ ಬರೆದಳು. ಪಾತ್ರೆ ತೊಳೆಯುವ ವಿಚಾರಕ್ಕೆ ಗ್ಲೆಂಡಾ ಆಂಟಿಯ ಹತ್ತಿರ ಜೋರು ಜಗಳವಾಯಿತು, ನನಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ, ಬರುವ ವಾರ ನನ್ನನ್ನು ಬೇರೆ ಮನೆಗೆ ಕಳಿಸುತ್ತಾರೆ, ಅಲ್ಲಿ ಇನ್ನೂ ಚೆನ್ನಾಗಿರುತ್ತದೆ. ಇಂಥ ಪತ್ರವನ್ನು ಬಿ.ಎ. ಓದಿದವಳು ಗುಬ್ಬಿಗೆ ಬರೆಯಬಾರದಿತ್ತು. ಆದರೆ ಗೆಲುವಿನ ಅಮಲಿನಲ್ಲಿ ಯಾವ ಸೇನಾಪತಿಗೆ ಹಿಂದಿನ ಕೋಟೆಯ ನೆನಪಿರುತ್ತದೆ?

ಪತ್ರವನ್ನು ಸದಾಶಿವಯ್ಯ ಜೋರಾಗಿ ಓದಿದರು. ಅಜ್ಜಿ ಜಗಳ ಎಂಬಲ್ಲಿಗೆ ಕೈ ಎತ್ತಿ ನಿಲ್ಲಿಸಿದರು. ಖುಷಿ ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. ಮುಸುರೆ ತಿಕ್ಕುವ ವಿಷಯಕ್ಕೆ ಮನೆಯ ಹಿರಿಯಳೊಡನೆ ಜಗಳ, ಆಮೇಲೆ ಆ ಮನೆಯಿಂದ ಆಚೆಗೆ. ಇದರಲ್ಲಿ ಅರ್ಥವಾಗದ್ದು ಏನಿದೆ? ಹಾಗಿದ್ದರೂ ಅವರು ನಾಲ್ಕು ದಿನ ಸುಮ್ಮನಿದ್ದರು. ಅವರ ಹುಡುಗಿ ಇನ್ನೂ ನಮ್ಮಲ್ಲಿದೆ ಎಂಬ ಒಂದು ಆಸರೆ ಉಳಿದಿತ್ತು. ಐದನೇ ದಿನ ಬೆಳಿಗ್ಗೆ ಕೃಷ್ಣಕುಮಾರ್ ಜೀಪು ತಂದು ನಿಲ್ಲಿಸಿದರು. ನಟಾಲಿಯನ್ನು ತುಮಕೂರಿನ ದಂತವೈದ್ಯರ ಮನೆಗೆ ಸ್ಥಳಾಂತರಿಸುವ ದಿನ ಅದು.

ನಟಾಲಿಗೆ ಅಷ್ಟು ಹೊತ್ತಿಗೆ ಗುಬ್ಬಿ ಕನ್ನಡ ಬರುತ್ತಿತ್ತು. ಭಾನುವಾರ ಬರ್ತೀನಜ್ಜಿ ಎಂದು ಕಾಲಿಗೆ ಬಿದ್ದಳು. ಅಜ್ಜಿ ಕುಂಕುಮ ಇಟ್ಟು, ಮಡಿಲಿಗೆ ತೆಂಗಿನಕಾಯಿ, ರವಿಕೆ ಕಣ ಹಾಕಿ ಕಳಿಸಿದರು. ಅವಳು ಜೀಪು ಹತ್ತಿದ ಮೇಲೆ ಕೃಷ್ಣಕುಮಾರ್‌ರನ್ನು ಒಳಗೆ ಕರೆದರು.

"ನಮ್ಮ ಮನೇಲಿ ಏನ್ ಕಮ್ಮಿ ಆಯ್ತಪ್ಪ ಆ ಮಗೀಗೆ?"

"ಏನೂ ಇಲ್ಲ ಅಜ್ಜಿ. ಇದು ರೂಲ್ಸು. ಐದು ತಿಂಗಳು ಒಂದ್ ಮನೆ, ಐದು ತಿಂಗಳು ಇನ್ನೊಂದ್ ಮನೆ. ಅಲ್ಲೂ ಹಂಗೇ. ನಿಮ್ಮ ಮೊಮ್ಮಗಳೂ ಈಗ ಬೇರೆ ಮನೇಲಿ ಇರ್ತಾಳೆ."

ಇದನ್ನು ಅವರು ಸಮಾಧಾನದ ಮಾತೆಂದು ತಿಳಿದು ಹೇಳಿದರು.

"ಹೆಣ್ಣುಮಗಳು ಒಂದ್ ಮನೆಗೆ ಹೋಯ್ತಾಳೆ" ಎಂದರು ಅಜ್ಜಿ. "ಅಲ್ಲಿ ಬಾಳಾಟ ಇಲ್ಲ ಅಂದ್ರೆ ತೌರಿಗೆ ಬತ್ತಾಳೆ. ಮೂರನೇ ಮನೆ ಅಂತ ಒಂದು ಇಲ್ಲ ಕಣಪ್ಪ."

ಕೃಷ್ಣಕುಮಾರ್ ನಿಯಮಾವಳಿಯ ಪುಸ್ತಕವನ್ನೇ ತೆಗೆದು ತೋರಿಸಿದರು. ಕೊಟ್ಟು ತರುವುದಕ್ಕೆ ಪುಸ್ತಕ ಬರೆದವರು ಯಾರು ಎಂದು ಅಜ್ಜಿ ವಿಚಾರಿಸಿದರು. ಅಂದಿನಿಂದ ಊಟ ಬಿಟ್ಟರು. ದಿನಕ್ಕೆ ಮೂರು ಹೊತ್ತು ರಾಗಿ ಗಂಜಿ ಕುಡಿಯುತ್ತಿದ್ದರು. ಗಂಜಿ ಊಟವಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಅತ್ತ ವನಜಾಕ್ಷಿ ಎರಡನೇ ಮನೆ ಸೇರಿ ಹನ್ನೊಂದು ದಿನವಾಗಿತ್ತು. ಆ ಮನೆಯೊಡತಿ ನಲವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮುದುಕಿ. ಕಲಿಸಲು ಮಕ್ಕಳಿಲ್ಲದೆ ಕೈ ಕಡಿಯುತ್ತಿದ್ದ ಹೊತ್ತಿಗೆ ಇವಳು ಸಿಕ್ಕಿದ್ದಳು. ಬೆಳಗಿನ ತಿಂಡಿಗೆ ಕೂತರೆ ಒಂದು ವಿಷಯ ಕೊಟ್ಟು ಐದು ನಿಮಿಷ ಮಾತಾಡಿಸುತ್ತಿದ್ದಳು. ಸಂಜೆ ಒಂದು ಗಂಟೆ ಗಟ್ಟಿಯಾಗಿ ಓದಿಸುತ್ತಿದ್ದಳು. ಏಪ್ರಿಲ್ಲಿಗೆ ನಿನ್ನನ್ನು ಈ ಊರಿನ ಸಭಾಂಗಣದಲ್ಲಿ ಭಾಷಣಕ್ಕೆ ನಿಲ್ಲಿಸುತ್ತೇನೆ ಎಂದು ಪಣ ತೊಟ್ಟಿದ್ದಳು. ವನಜಾಕ್ಷಿಯ ಬಾಯಿ ಹೊಸ್ತಿಲು ದಾಟಿ ಒಂದು ಕಾಲು ಹೊರಗಿಟ್ಟಿತ್ತು.

ಸದಾಶಿವಯ್ಯ ಗುಬ್ಬಿ ಬಸ್‌ಸ್ಟ್ಯಾಂಡಿನ ಬೂತಿನಿಂದ ಫೋನು ಮಾಡಿದರು. ಅವರಿಗೆ ನಿಯಮ ಅರ್ಥವಾಗಿತ್ತು. ಪತ್ರದ ಖುಷಿಯೂ ಅರ್ಥವಾಗಿತ್ತು. ತಹಸೀಲ್ದಾರರ ಮುಂದೆ ಎರಡು ಸಲ ಬೇಡ ಎಂದಿದ್ದ ಗಂಡಸು ಅವರು. ತಾಯಿಯ ಮುಂದೆ ಒಂದು ಸಲವೂ ಅಂದಿರಲಿಲ್ಲ.

"ಹೊರಟು ಬಂದ್ಬುಡವ್ವ. ಅವ್ವ ಊಟ ಬಿಟ್ಟವ್ರೆ."

"ಇನ್ನೈದು ತಿಂಗಳು ಅಪ್ಪ. ಈಗಿನ್ನೂ ಬಾಯಿ ಬರ್ತಾ ಐತೆ. ಈಗ ಬಂದ್ರೆ ಅಷ್ಟೂ ಹೋಯ್ತದೆ."

"ಗೊತ್ತು ಕಣವ್ವ."

"ಗೊತ್ತಿದ್ದೂ ಕರೀತಿದೀಯಾ?"

ಸದಾಶಿವಯ್ಯ ಹೂಂ ಎಂದರು. ಡಿಸೆಂಬರ್ ಎರಡನೇ ವಾರ ವನಜಾಕ್ಷಿ ಗುಬ್ಬಿಯಲ್ಲಿದ್ದಳು. ನಿವೃತ್ತ ಟೀಚರು ವಿಮಾನ ನಿಲ್ದಾಣಕ್ಕೆ ಬಂದು, ಅರ್ಧ ತಿದ್ದಿದ ಒಂದು ನೋಟ್‌ಬುಕ್ ಕೈಗೆ ಕೊಟ್ಟು, ಉಳಿದದ್ದನ್ನು ನೀನೇ ತಿದ್ದಿಕೋ ಎಂದಿದ್ದಳಂತೆ.

ಊರಿನವರು ಬಂದು ನೋಡಿ ಹೋದರು. ಅರ್ಧಕ್ಕೆ ಬಂದ ಹುಡುಗಿಯನ್ನು ನೋಡುವುದಕ್ಕೆ ಗುಬ್ಬಿಯಲ್ಲಿ ಒಂದು ವಿಶೇಷ ನೋಟವಿದೆ. ಮೊದಲು ಹೊಟ್ಟೆ, ಆಮೇಲೆ ಮುಖ. ಪರಿಶೀಲನೆ ಮುಗಿಸಿ, ಏನೂ ಸಿಗದೆ, ಬೇಸರದಿಂದ ಹೋದರು.

ಅದು ಅವರೆಕಾಯಿ ಕಾಲ. ಅಜ್ಜಿ ಮೊಮ್ಮಗಳು ಮೊರದ ಆಚೆ ಈಚೆ ಕೂತು ಕಾಯಿ ಬಿಡಿಸುತ್ತಿದ್ದರು. ಬಂದ ನಾಲ್ಕನೇ ದಿನ ವನಜಾಕ್ಷಿ ಕೇಳಿದಳು.

"ಹಾಗಲವಾಡಿಯಿಂದ ನಿನ್ನ ಗಾಡಿ ಹತ್ತಿಸ್ಕೊಂಡು ಹೋದ್ರಲ್ಲ ಅಜ್ಜಿ, ಆಗ ನಿಂಗೆ ಹೆಂಗಾಗಿತ್ತು?"

"ಸತ್ತಂಗಾಗಿತ್ತು."

"ಗಾಡಿ ಹತ್ತಲ್ಲ ಅನ್ನಬೇಕಿತ್ತು."

"ಅನ್ನಂಗಿದ್ದಿದ್ರೆ ಅಂತಿದ್ದೆ."

"ಮತ್ತೆ ನಂಗ್ಯಾಕೆ ಹಂಗೇ ಮಾಡಿದೆ?"

ಅಜ್ಜಿ ಒಂದು ಹುಳುಕು ಕಾಯಿ ಆರಿಸಿ ಪಕ್ಕಕ್ಕಿಟ್ಟರು. "ನಿನ್ನ ಅಲ್ಲೇ ಬಿಟ್ರೂ ಆಯ್ತದೆ ಅನ್ನಂಗಿದ್ರೆ, ನನ್ನ ಮೂರು ವರ್ಷ ಯಾತಕ್ಕೆ ಹೋಯ್ತು ಹೇಳು ಮತ್ತೆ" ಎಂದರು.

ಅವರೆಕಾಯಿ ಮುಗಿಯುವವರೆಗೆ ಇಬ್ಬರೂ ಬಿಡಿಸಿದರು.

ತಮಾಷೆಯೆಂದರೆ ನಟಾಲಿ ವಾಪಸು ಹೋಗಲಿಲ್ಲ. ದಂತವೈದ್ಯರ ಮನೆಯಲ್ಲಿ ತನ್ನ ಹತ್ತು ತಿಂಗಳನ್ನು ಪೂರ್ತಿ ಮುಗಿಸಿದಳು. ಪ್ರತಿ ಭಾನುವಾರ ಗುಬ್ಬಿಗೆ ಬಂದು ಮುದ್ದೆ ಉಂಡು ಹೋಗುತ್ತಿದ್ದಳು. ನಮ್ಮ ಹುಡುಗಿ ಬಂದಾಯಿತಲ್ಲ, ಅವರ ಹುಡುಗಿಯನ್ನು ಕಳಿಸಬೇಡವೇ ಎಂದು ಯಾರೋ ಅಜ್ಜಿಯನ್ನು ಕೆಣಕಿದರು. ಕರೆಸಿಕೊಳ್ಳಬೇಕಾದವರು ಬೀಗರು, ಅವರಿಗೆ ಮಾನ ಇಲ್ಲದಿದ್ದರೆ ನಾವೇನು ಮಾಡುವುದು ಎಂದು ಅಜ್ಜಿ ತೀರ್ಪಿತ್ತು ಇನ್ನೊಂದು ಮುದ್ದೆ ಬಡಿಸಿದರು. ಏಪ್ರಿಲ್ಲಿನಲ್ಲಿ ಕ್ಲಬ್ಬಿನ ಬೀಳ್ಕೊಡುಗೆಗೆ ನಟಾಲಿ ಅರ್ಧ ಗಂಟೆ ಕನ್ನಡದಲ್ಲಿ ಭಾಷಣ ಮಾಡಿದಳು. ತುಮಕೂರಿನ ಆಟೋದವರ ಜೊತೆ ಹೇಗೆ ಜಗಳವಾಡಬೇಕೆಂಬುದೇ ವಿಷಯ. ಜನ ಶಿಳ್ಳೆ ಹೊಡೆದರು. ಮೂರನೇ ಸಾಲಿನಲ್ಲಿ ಕೂತಿದ್ದ ವನಜಾಕ್ಷಿಯೂ ಚಪ್ಪಾಳೆ ತಟ್ಟಿದಳು. ಹತ್ತು ತಿಂಗಳಿಗೆ ಒಂದು ನಾಲಿಗೆ ಎಷ್ಟು ದೂರ ಹೋಗಬಹುದೆಂಬುದನ್ನು ಆ ಸಭೆಯಲ್ಲಿ ಅಳೆದು ನೋಡಿದವಳು ಅವಳೊಬ್ಬಳೇ.

ಮೇ ತಿಂಗಳಲ್ಲಿ ಶಾಲೆಯ ಸಂದರ್ಶನ. ಭಾನುವಾರ ಬರುತ್ತಿದ್ದ ನಟಾಲಿ ಕನ್ನಡ ಬಿಟ್ಟು ಬೇರೆ ಮಾತಾಡಲೊಲ್ಲಳು. ಐದು ತಿಂಗಳು ಗುಬ್ಬಿಯಲ್ಲಿ ಅವಳೊಂದಿಗೆ ಇಂಗ್ಲಿಷ್ ಮಾತಾಡಲು ಒಂದು ನಾಯಿಯೂ ಇರಲಿಲ್ಲ. ಇಲ್ಲಿಯ ನಾಯಿಗಳಿಗೆ ಸಿಟ್ ಎಂದರೆ ಓಡಿಹೋಗುತ್ತಿದ್ದವು. ಅರ್ಧ ತಿದ್ದಿದ ನೋಟ್‌ಬುಕ್ಕನ್ನೇ ದೇವರ ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ ಓದಿ ಹೋದಳು.

ಮೇಜಿನ ಆಚೆ ಮೂವರು ಕೂತಿದ್ದರು. ಹೆಸರು ಕೇಳಿದರು, ಹೇಳಿದಳು. ಊರು, ಓದು, ಯಾಕೆ ಟೀಚರಾಗಬೇಕು, ಎಲ್ಲಕ್ಕೂ ಹೇಳಿದಳು. ಒಟ್ಟು ಎಂಟು ವಾಕ್ಯ, ಎಂಟೂ ನೆಟ್ಟಗೆ ನಿಂತವು. ಒಂಬತ್ತನೆಯದಕ್ಕೆ ಬಾಯಿ ತೆರೆದಿದ್ದಾಗ ನಡುವೆ ಕೂತವರು ಪಕ್ಕದವರ ಕಡೆ ವಾಲಿ ಇಂಗ್ಲಿಷಿನಲ್ಲಿ ಬೇಗಬೇಗ ಏನೋ ಹೇಳಿದರು. ಗುಬ್ಬಿ ಹುಡುಗಿಗೆ ಇಷ್ಟು ವೇಗದ ಇಂಗ್ಲಿಷ್ ತಿಳಿಯುವುದಿಲ್ಲ ಎಂಬ ಧೈರ್ಯ. ಹೇಳಿದ್ದು ಇದು: ವಿದೇಶದಿಂದ ಅರ್ಧಕ್ಕೇ ಕಳಿಸಿಬಿಟ್ಟರಲ್ಲ, ಆ ಹುಡುಗಿ ಇವಳೇ. ಆ ಮನೆಯಲ್ಲಿ ಏನೋ ಮಾಡಿಕೊಂಡಿದ್ದಾಳೆ. ನಾಳೆ ಪೋಷಕರು ಕೇಳಿದರೆ ನಾವು ಏನು ಹೇಳುವುದು?

ಅವಳಿಗೆ ಒಂದೊಂದು ಪದವೂ ತಿಳಿಯಿತು. ತುಟಿ ಬಿಚ್ಚದ ಜನರ ನಡುವೆ ಪಳಗಿದ ಕಿವಿಗೆ ತುಮಕೂರಿನ ಇಂಗ್ಲಿಷ್ ಎಂಥ ಲೆಕ್ಕ? ಹೋಗುವ ಮುಂಚೆ ಆಗಿದ್ದರೆ ಸುಮ್ಮನೆ ನಗುತ್ತಾ ಕೂತಿರುತ್ತಿದ್ದಳು. ಈಗ ಉತ್ತರ ಕೊಡಬೇಕಿತ್ತು. ಅಜ್ಜಿ, ಹುಲಿಯೂರುದುರ್ಗದ ಗಾಡಿ, ಎರಡು ಮನೆಯ ನಿಯಮ, ಪಾತ್ರೆಯ ಜಗಳ, ಯಾವುದನ್ನು ಮೊದಲು ಹೇಳಿದರೆ ಯಾವುದು ನಂಬುವಂತಾಗುತ್ತದೆ? ಇಷ್ಟು ಉದ್ದದ ಮಾತು ಅವಳ ಬಾಯಿಗೆ ಇನ್ನೂ ಬಂದಿರಲಿಲ್ಲ. ಅದು ಬರಬೇಕಾಗಿದ್ದದ್ದು ಆ ಇನ್ನೈದು ತಿಂಗಳಲ್ಲಿ. ಅವಳು ಮೇಜಿನ ಅಂಚು ಹಿಡಿದು ಮೊದಲ ಪದ ಹುಡುಕುತ್ತಿದ್ದಾಗ ಅವರು ಥ್ಯಾಂಕ್ಯೂ ಎಂದರು. ಮುಂದಿನ ಹುಡುಗಿಯ ಹೆಸರು ಕೂಗಿದರು.

ಪ್ರೇಮಲತಾ ಮೇಡಂ ಮತ್ತೆ ಹೆಸರು ಹೇಳುತ್ತೇನೆ ಎಂದರು. ಎರಡು ಶಾಲೆಗಳಿಗೆ ಹೇಳಿದರು ಕೂಡ. ಅವಳಿಗಿಂತ ಮುಂಚೆ ಸುದ್ದಿ ಹೋಗಿ ಕೂತಿರುತ್ತಿತ್ತು.

೨೦೦೧ರಲ್ಲಿ ವನಜಾಕ್ಷಿಗೆ ಕುಣಿಗಲ್ಲಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮರುವರ್ಷ ಅಜ್ಜಿ ತೀರಿಕೊಂಡರು. ಸಂಘದ ವ್ಯವಹಾರವೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಆಗೊಮ್ಮೆ ಈಗೊಮ್ಮೆ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಇಂಗ್ಲಿಷಿನಲ್ಲಿ ಕಾಗದ ಬಂದರೆ ಕಾರ್ಯದರ್ಶಿಗಳು ಅದನ್ನು ಅವಳ ಮೇಜಿಗೇ ಕಳಿಸುತ್ತಾರೆ. ಅವಳು ಒಮ್ಮೆ ಕಣ್ಣಾಡಿಸಿ, ಅದರಲ್ಲಿ ಬರೆದದ್ದನ್ನೂ ಬರೆಯದೆ ಮುಚ್ಚಿಟ್ಟದ್ದನ್ನೂ ಬಿಡಿಸಿ ಹೇಳುತ್ತಾಳೆ. ಇಡೀ ತಾಲ್ಲೂಕಿನಲ್ಲಿ ಹಾಗೆ ಹೇಳುವವರು ಇನ್ನೊಬ್ಬರಿಲ್ಲ ಎಂದು ಕಾರ್ಯದರ್ಶಿಗಳು ಬಂದವರ ಮುಂದೆ ಹೊಗಳುತ್ತಾರೆ. ಹೊಗಳಿ, ಅರ್ಧಕ್ಕೆ ವಾಪಸಾದವಳ ಇಂಗ್ಲಿಷ್ ಉತ್ತರಕ್ಕೆ ಸಾಲದೆಂದು, ಅದನ್ನು ಬರೆಸಲು ಕಾಗದವನ್ನು ಮಡಿಸಿಕೊಂಡು ವಕೀಲರ ಹತ್ತಿರ ಹೋಗುತ್ತಾರೆ.